ಪ್ರೀತಿ ಅಂದ್ರೆ ಎಲ್ಲ ಸಹಿಸಿಕೊಳ್ಳೋದಾ?

ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಉಪವಾಸ-ಪ್ರಾರ್ಥನೆಯ ದಿನಗಳು) ಬಂತೆಂದರೆ ಸಾಕು, ಆಫೀಸಿನ ಗೆಳೆಯರಿಂದ ಹಿಡಿದು ನಮ್ಮ ಚರ್ಚಿನ ಹುಡುಗಿಯರವರೆಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ನಿಮ್ಮಲ್ಲಿ ಪ್ರೀತಿ ಅಂದ್ರೆ ತ್ಯಾಗ ಅಂತೀರಲ್ಲ, ಹಾಗಾದ್ರೆ ಯಾರು ಏನು ಮಾಡಿದ್ರೂ ಸಹಿಸ್ಕೊಂಡು ಸುಮ್ನೆ ಇರಬೇಕಾ?"

ಬೇಡ. ನನ್ನ ಉತ್ತರ ಇಷ್ಟೇ. ಆದರೆ ಇಷ್ಟಕ್ಕೆ ಯಾರೂ ಬಿಡುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಯೇಸುಸ್ವಾಮಿಯನ್ನೇ ನೋಡಿ. ಹಿಡಿದು ತಂದ ರಾತ್ರಿ ವಿಚಾರಣೆಯಲ್ಲಿ ಒಬ್ಬ ಕಾವಲುಗಾರ ಅವರ ಕೆನ್ನೆಗೆ ಹೊಡೆಯುತ್ತಾನೆ. ಅವರು ಸುಮ್ಮನಿರಲಿಲ್ಲ. ನಾನು ತಪ್ಪು ಮಾತಾಡಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆದೆ ಅಂತ ಕೇಳಿದರು. ಬೈಬಲಿನಲ್ಲಿ, ಯೊವಾನ್ನರ ಶುಭಸಂದೇಶದ 18ನೇ ಅಧ್ಯಾಯದಲ್ಲಿದೆ. ಇನ್ನೊಂದು ಕೆನ್ನೆ ತೋರಿಸು ಅನ್ನುವ ಮಾತು ಎಲ್ಲರಿಗೂ ಗೊತ್ತು, ಈ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅದೇ ಶುಭಸಂದೇಶದ 10ನೇ ಅಧ್ಯಾಯದಲ್ಲಿ, ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ನಾನಾಗಿಯೇ ಕೊಡುತ್ತಿದ್ದೇನೆ ಅನ್ನುತ್ತಾರೆ. ನನ್ನ ಮಟ್ಟಿಗೆ ಇಡೀ ವಿಷಯ ಇರುವುದು ಆ 'ನಾನಾಗಿಯೇ'ಯಲ್ಲಿ.

ಇದು ನನಗೆ ಸರಿಯಾಗಿ ಅರ್ಥವಾದದ್ದು ಫಾದರ್ ಡೇಮಿಯನ್ ಅವರ ಬದುಕನ್ನು ಓದಿದಾಗ. ಬೆಲ್ಜಿಯಂನ ರೈತರ ಮನೆಯ ಹುಡುಗ. ಹವಾಯಿಗೆ ಹೋಗಬೇಕಿದ್ದ ಅಣ್ಣ ಕಾಯಿಲೆ ಬಿದ್ದಾಗ ಅವನ ಬದಲು ಹಡಗು ಹತ್ತಿದವರು. ಆಗ ಹವಾಯಿ ಸರ್ಕಾರ ಕುಷ್ಠರೋಗಿಗಳನ್ನು ಹಿಡಿದು ಮೊಲೊಕಾಯಿ ದ್ವೀಪದ ಒಂದು ಮೂಲೆಗೆ ಸಾಗಿಸುತ್ತಿತ್ತು. ಮೂರು ಕಡೆ ಸಮುದ್ರ, ಹಿಂದೆ ಕಡಿದಾದ ಬೆಟ್ಟ. ಪಾದ್ರಿಗಳು ಸರದಿಯ ಮೇಲೆ ಹೋಗಿ ಬರಲಿ ಅಂತ ಬಿಷಪರು ಯೋಚಿಸಿದ್ದರು. 1873ರ ಮೇನಲ್ಲಿ ಮೊದಲ ಸರದಿಗೆ ಹೋದ ಡೇಮಿಯನ್, ನಾನಿಲ್ಲೇ ಇರುತ್ತೇನೆ ಅಂದರು. ಆಗ ವಯಸ್ಸು 33. (ಹ್ಯಾನ್ಸೆನ್ ಎಂಬ ವೈದ್ಯ ಈ ರೋಗದ ಕ್ರಿಮಿಯನ್ನು ಕಂಡುಹಿಡಿದದ್ದೂ ಅದೇ ವರ್ಷ. ಔಷಧಿ ಬರಲು ಮಾತ್ರ 1940ರ ದಶಕದವರೆಗೆ ಕಾಯಬೇಕಾಯಿತು.)

ಮೊದಮೊದಲು ಮಲಗಿದ್ದು ಮರದ ಕೆಳಗೆ. ಆಮೇಲೆ ಮನೆ ಕಟ್ಟಿದರು, ನೀರಿಗೆ ಪೈಪ್ ಎಳೆಸಿದರು, ಹುಣ್ಣು ತೊಳೆದು ಪಟ್ಟಿ ಕಟ್ಟಿದರು. ಸತ್ತವರಿಗೆ ಶವಪೆಟ್ಟಿಗೆ ಮಾಡಿ ಗುಂಡಿಯನ್ನೂ ತೋಡಿದರು. ಕೊಳೆತ ಗಾಯದ ವಾಸನೆ ತಡೆಯಲಾಗದೆ ತಂಬಾಕಿನ ಪೈಪ್ ಸೇದುವುದು ಅಭ್ಯಾಸವಾಯಿತು. ಒಮ್ಮೆ ಅವರ ಮೇಲಧಿಕಾರಿ ಹಡಗಿನಲ್ಲಿ ಬಂದರು. ಅವರಿಗೆ ಇಳಿಯಲು ಅನುಮತಿಯಿಲ್ಲ, ಡೇಮಿಯನ್ ಅವರನ್ನು ಹಡಗು ಹತ್ತಲೂ ಬಿಡಲಿಲ್ಲ. ಪಾಪನಿವೇದನೆ ಮಾಡದೆ ಇರಲಾಗಲಿಲ್ಲ. ದೋಣಿಯಲ್ಲಿ ನಿಂತು, ಮೇಲೆ ಹಡಗಿನಲ್ಲಿದ್ದ ಫಾದರಿಗೆ ತಮ್ಮ ಪಾಪಗಳನ್ನು ಕೂಗಿ ಹೇಳಿದರು!

1884ರ ಕೊನೆಗೆ ಡೇಮಿಯನ್ ಅವರ ಕಾಲು ಕುದಿಯುವ ನೀರಿಗೆ ಇಳಿಯಿತು. ಬೊಬ್ಬೆ ಎದ್ದಿತು, ಉರಿ ಮಾತ್ರ ಗೊತ್ತಾಗಲಿಲ್ಲ. ಚರ್ಮದ ಸ್ಪರ್ಶವನ್ನೇ ಕಸಿಯುವ ಆ ರೋಗ ಅವರಿಗೂ ಅಂಟಿತ್ತು. 1889ರ ಏಪ್ರಿಲ್ 15ರಂದು ತೀರಿಕೊಂಡರು. 2009ರಲ್ಲಿ ಸಂತರೆಂದು ಘೋಷಿಸಿದರು.

ಅವರು ಸತ್ತದ್ದಕ್ಕಿಂತ ಜಾಸ್ತಿ ನನಗೆ ಹಿಡಿಸುವುದು ಅವರ ಜಗಳಗಂಟತನ. ಮರ ಕಳಿಸಿ, ಬಟ್ಟೆ ಕಳಿಸಿ, ಔಷಧಿ ಕಳಿಸಿ ಅಂತ ಆರೋಗ್ಯ ಮಂಡಳಿಯನ್ನು ಕಾಡಿ ಬೇಡಿ ತಲೆ ತಿಂದರು. ಹಟಮಾರಿ ಅಂತ ಮೇಲಿನವರಿಗೂ ಬೇಸರ. ತನ್ನ ಆರೋಗ್ಯ ಬಿಟ್ಟುಕೊಟ್ಟ ಮನುಷ್ಯ ರೋಗಿಗಳ ಪಾಲಿನ ಒಂದು ಹಲಗೆಯನ್ನೂ ಬಿಟ್ಟುಕೊಡಲಿಲ್ಲ. ತ್ಯಾಗ ಅಂದರೆ ಬಾಯಿ ಮುಚ್ಚಿಕೊಂಡಿರುವುದು ಅನ್ನುವವರು ಇದನ್ನೊಮ್ಮೆ ಓದಬೇಕು.

ಸಂತ ಪೌಲರು ಇನ್ನೂ ಖಡಾಖಂಡಿತ. ನನ್ನ ದೇಹವನ್ನೇ ಸುಡಲು ಕೊಟ್ಟರೂ ಪ್ರೀತಿ ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ ಅಂತ ಕೊರಿಂಥದವರಿಗೆ ಬರೆದರು. ಅಂದರೆ ನೋವು ತಿನ್ನುವುದರಲ್ಲೇ ಪುಣ್ಯ ಇಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಕೂಡ, ಸಾಧ್ಯವಾದರೆ ಈ ಪಾತ್ರೆ (ಅಂದರೆ ಬರಲಿರುವ ನೋವು) ನನ್ನಿಂದ ದೂರವಾಗಲಿ ಅಂತಲೇ ಬೇಡಿದ್ದು, ಅಲ್ವಾ?

ಗಂಡ ಕುಡಿದು ಬಂದು ಹೊಡೆಯುವ ಹೆಂಗಸಿಗೆ "ಇದೇ ನಿನ್ನ ಶಿಲುಬೆ, ಹೊತ್ತುಕೋಮ್ಮ" ಅಂತ ಬುದ್ಧಿ ಹೇಳುವವರು ನಮ್ಮಲ್ಲೂ ಇದ್ದಾರೆ. ಆ ಏಟನ್ನು ಅವಳು ತಾನಾಗಿ ಆರಿಸಿಕೊಂಡಿಲ್ಲ, ಅದರಿಂದ ಯಾರಿಗೂ ಒಳ್ಳೆಯದಾಗುತ್ತಲೂ ಇಲ್ಲ, ಆ ಗಂಡನಿಗಂತೂ ಮೊದಲೇ ಇಲ್ಲ. ಹಾಗೆ ಬುದ್ಧಿ ಹೇಳುವವರಿಗೆ ನಾನು ಹೇಳುವುದು ಒಂದೇ: ಇವತ್ತು ರಾತ್ರಿ ಅವಳಿಗೂ ಮಕ್ಕಳಿಗೂ ನಿಮ್ಮ ಮನೆಯಲ್ಲಿ ಹಾಸಿಗೆ ಹಾಸಿಕೊಡಿ. ಬೆಳಿಗ್ಗೆ ಅವನು ಬಾಗಿಲಿಗೆ ಬಂದು ಕೂಗಾಡಿದರೆ ನೀವು ಎದುರಿಗೆ ನಿಲ್ಲಿ.