ಅಟ್ಟದಲ್ಲಿ ಹಣ್ಣಾದ ಟೊಮೆಟೊ

ಸಾವಿರ ಅಡಿ ಕೊರೆದರೂ ಕೊಳವೆಬಾವಿಯಿಂದ ಧೂಳು ಏಳುವ ಕೋಲಾರದ ಕಡೆಯವರು ನಾವು. ಮಳೆ ಬೇಡವೆಂದು ಬೇಡಿಕೊಂಡ ನೆನಪು ನನಗಿರುವುದು 2021ರ ನವೆಂಬರಿನಲ್ಲಿ ಮಾತ್ರ. ಕೆರೆಗಳು ಕೋಡಿ ಹರಿದವು, ಕೊಯ್ಯದೆ ನಿಂತ ರಾಗಿ ತೆನೆಯಲ್ಲೇ ಮೊಳೆಯಿತು. ನಮ್ಮ ಅರ್ಧ ಎಕರೆ ಟೊಮೆಟೊ ಮೊದಲ ಕೊಯ್ಲಿಗೆ ಹತ್ತೇ ದಿನ ಬಾಕಿಯಿತ್ತು.

ಒಂದು ಬೆಳಿಗ್ಗೆ ಸಾಲಿಗೆ ಇಳಿದರೆ ಕೆಳಗಿನ ಎಲೆಗಳ ಮೇಲೆ ಬಿಸಿನೀರು ಎರಚಿದಂಥ ಕಲೆ. ಎಲೆ ತಿರುಗಿಸಿದೆ, ಅಡಿಯಲ್ಲಿ ತೆಳ್ಳನೆ ಬಿಳಿ ಬೂಷ್ಟು. ಅಂಗಮಾರಿ. ಥಂಡಿ, ತೇವ ಎರಡೂ ಸಿಕ್ಕರೆ ಈ ರೋಗ ನಾಲ್ಕಾರು ದಿನದಲ್ಲಿ ತೋಟವನ್ನೇ ಸುಟ್ಟಂತೆ ಮಾಡಿಬಿಡುತ್ತದೆ. ಎಲೆ ಒಣಗಿರುವಾಗ ಔಷಧಿ ಸಿಂಪಡಿಸಿ ಎಂದು ಮೊಬೈಲಿಗೆ ಸಲಹೆ ಬಂದಿತ್ತು. ಎಲೆ ಒಣಗುವುದು ಯಾವಾಗ ಎಂಬುದನ್ನು ಮಾತ್ರ ಯಾರೂ ತಿಳಿಸಿರಲಿಲ್ಲ.

ಅತ್ತೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬದುವಿನ ಮೇಲೆ ನಿಂತಿದ್ದರು.

"ಕಲೆ ಬೀಳದ ಕಾಯನ್ನೆಲ್ಲ ಇವತ್ತೇ ಕಿತ್ತುಬಿಡೋಣ ಕಣಮ್ಮ."

"ಹಸಿರು ಕಾಯಿ ಯಾರು ಕೊಳ್ಳುತ್ತಾರೆ ಅತ್ತೆ?"

"ಮಾರುವುದಕ್ಕೆ ಯಾರು ಹೇಳಿದರು? ತಿನ್ನುವುದಕ್ಕೆ."

ನೀಲಗಿರಿ ಕಡ್ಡಿಗಳು ಕೆಸರಿನಲ್ಲಿ ವಾಲಿದ್ದವು, ಸಾಲಿಗೆ ಹೊದಿಸಿದ ಪ್ಲಾಸ್ಟಿಕ್ ಮಲ್ಚಿಂಗ್ ಹಾಳೆಯ ಮೇಲೆ ಕಾಲಿಟ್ಟರೆ ಜಾರುತ್ತಿತ್ತು. ಸಂಜೆಗೆ 15 ಕೆ.ಜಿ.ಯ ಒಂಬತ್ತು ಬಾಕ್ಸ್ ತುಂಬಿದವು. ಉಳಿದದ್ದು ಗಿಡದ ಸಮೇತ ಗುಂಡಿಗೆ ಹೋಯಿತು.

ಯಾವುದು ಹಣ್ಣಾಗುತ್ತದೆ, ಯಾವುದು ಆಗುವುದಿಲ್ಲ ಎಂದು ಅತ್ತೆ ತೋರಿಸಿಕೊಟ್ಟ ಬಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗಾತ್ರಕ್ಕೊಂದರಂತೆ ಕಾಯಿ ಆರಿಸಿ ಈಳಿಗೆಮಣೆಯಲ್ಲಿ ಅಡ್ಡಡ್ಡ ಹೆಚ್ಚಿದರು. ಬೀಜ ಕತ್ತರಿಸಿಹೋದರೆ ಅದು ಎಳಸು, ಎಷ್ಟು ದಿನ ಇಟ್ಟರೂ ಬಾಡುತ್ತದೆಯೇ ಹೊರತು ಮಾಗುವುದಿಲ್ಲ. ಒಳಗೆ ಲೋಳೆ ತುಂಬಿ ಬೀಜ ಅಲಗಿಗೆ ಸಿಗದೆ ಪಕ್ಕಕ್ಕೆ ಜಾರಿದರೆ ಬಲಿತಿದೆ ಎಂದರ್ಥ. ಅಂಥ ಐದು ಬಾಕ್ಸ್ ಕಾಯನ್ನು ಒರೆಸಿ, ಅಟ್ಟದ ಮೇಲೆ ಹಳೆಯ ಒಣ ರಾಗಿಹುಲ್ಲಿನಲ್ಲಿ ಒಂದಕ್ಕೊಂದು ತಾಗದಂತೆ ಅಡೆ ಹಾಕಿದೆವು. ನಡುನಡುವೆ ಮಾಗಿದ ಬಾಳೆಹಣ್ಣು ಇಟ್ಟೆವು. ದಿನವೂ ಏಣಿ ಹತ್ತಿ ಕಂದು ಕಲೆ ಕಂಡದ್ದನ್ನು ತೆಗೆದು ಹಾಕುವುದು ನನ್ನ ಪಾಲಿನ ಕೆಲಸ. ಐದರಲ್ಲಿ ಎರಡು ಬಾಕ್ಸ್ ಹೀಗೆಯೇ ಹೋಯಿತು.

ಅಟ್ಟಕ್ಕೆ ಏರಿಸದೆ ಮಿಕ್ಕ ನಾಲ್ಕು ಬಾಕ್ಸನ್ನು ಬೀದಿಗೆಲ್ಲ ಹಂಚಿಯೂ ನಮ್ಮ ಅಡುಗೆಮನೆಯಲ್ಲಿ ಕಾಯಿ ಮುಗಿಯಲಿಲ್ಲ. ತೀರಾ ಎಳಸನ್ನು ಕಹಿಯೆಂದು ಬಿಟ್ಟೆವು. ಉಳಿದದ್ದನ್ನು ಹೋಳು ಮಾಡಿ, ಕಡಲೇಕಾಯಿ ಎಣ್ಣೆಯಲ್ಲಿ ಸಿಪ್ಪೆ ಸುಕ್ಕಾಗುವವರೆಗೆ ಬಾಡಿಸಿ, ಹುರಿದ ಕಡಲೇಕಾಯಿ ಬೀಜ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯೊಂದಿಗೆ ಒರಳಿನಲ್ಲಿ ತರಿತರಿಯಾಗಿ ರುಬ್ಬಿದರೆ ಹುಣಸೆಹಣ್ಣಿನ ಹಂಗೇ ಇಲ್ಲ. ಬಿಸಿ ಮುದ್ದೆಗೆ ನಾನು ಹಣ್ಣಿನ ಚಟ್ನಿಗಿಂತ ಇದನ್ನೇ ಮೇಲೆಂದು ಹೇಳುತ್ತೇನೆ. ಉಪ್ಪಿನಕಾಯಿಗೆ ಬಿಸಿಲು ಬೇಕಿತ್ತು, ಇರಲಿಲ್ಲ. ಉಪ್ಪು ಹಾಕಿ ಎರಡು ದಿನ ಇಟ್ಟು, ನೀರು ಹಿಂಡಿ, ಒಲೆಯ ಮೇಲೆಯೇ ಎಣ್ಣೆ ಬಿಡುವವರೆಗೆ ಕುದಿಸಿದೆವು.

ತಿಂಗಳ ಕೊನೆಗೆ ಅಟ್ಟದಿಂದ ಇಳಿದ ಮೂರು ಬಾಕ್ಸ್ ಹಣ್ಣನ್ನು ಯಜಮಾನರು ಕೋಲಾರದ ಮಂಡಿಗೆ ಒಯ್ದರು. ಮಾಲಿಲ್ಲದೆ ಬೆಲೆ ಏರಿತ್ತು. ಈ ಮಳೆಯಲ್ಲಿ ಒಂದು ಚುಕ್ಕೆಯೂ ಇಲ್ಲದ ಹಣ್ಣು ಎಲ್ಲಿ ಬೆಳೆದಿರಿ ಎಂದು ಯಾರೋ ಕೇಳಿದರಂತೆ.

"ಅಟ್ಟದ ಮೇಲೆ" ಎಂದು ಹೇಳಿ ಬಂದರು.