ಬರಲಿಲ್ಲವಾ, ಬರಲಿಕ್ಕಾಗಲಿಲ್ಲವಾ?

ನಮ್ಮ ಸಮಾಜ ಪಾಠದ ಮೇಷ್ಟ್ರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಸುದ್ದಿ ಬಂದದ್ದು ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗ್ರೂಪಿಗೆ. ರಾತ್ರಿಯೊಳಗೆ ಎಲ್ಲರೂ ಏನಾದರೊಂದು ಬರೆದರು. ಬೆಂಗಳೂರಿನಲ್ಲಿರುವವರು, ದುಬೈಯಲ್ಲಿರುವವರು, ಮಿಲಿಟರಿಯಿಂದ ರಿಟೈರ್ ಆಗಿ ಊರಲ್ಲೇ ತೋಟ ನೋಡಿಕೊಂಡಿರುವವರು. ಯಾರೂ ಅವರ ಪಾಠದ ಬಗ್ಗೆ ಬರೆಯಲಿಲ್ಲ. ಪಾಣಿಪತ್ ಯುದ್ಧ ಯಾರಿಗೂ ಬೇಕಾಗಿರಲಿಲ್ಲ. ಎಲ್ಲರೂ ನೆನೆಸಿಕೊಂಡದ್ದು ಅವರ ಒಂದು ಪ್ರಶ್ನೆಯನ್ನು.

ಹಿಂದಿನ ದಿನ ಶಾಲೆಗೆ ಬಾರದ ಹುಡುಗ ಬಾಗಿಲಲ್ಲಿ ನಿಂತರೆ ಅವರು ಕೇಳುತ್ತಿದ್ದದ್ದು ಇಷ್ಟೇ: "ಬರಲಿಲ್ಲವಾ, ಬರಲಿಕ್ಕಾಗಲಿಲ್ಲವಾ?"

ಸರ್ಕಾರದ ಹಾಜರಿ ಪುಸ್ತಕ ಬೇರೆ ಇತ್ತು. ಅದರಲ್ಲಿ ಗೈರಾದವನ ಮುಂದೆ ಒಂದು 'ಎ' ಬೀಳುತ್ತಿತ್ತು, ಅಷ್ಟೇ. ಮೇಷ್ಟ್ರ ಹತ್ತಿರ ಅವರದೇ ಒಂದು ನೋಟ್‌ಬುಕ್ ಇತ್ತು. ನೂರು ಪುಟದ್ದು, ಮಳೆಗೆ ಅಂಚೆಲ್ಲ ಉಬ್ಬಿಕೊಂಡದ್ದು, ರಟ್ಟಿನ ಮೇಲೆ ಖಾಕಿ ಕಾಗದ. ಅದರಲ್ಲಿ ಕಾರಣ ಬರೆಯುತ್ತಿದ್ದರು. ಒಮ್ಮೆ ನನಗೇ ಓದಲು ಕೊಟ್ಟಿದ್ದರು. 'ಆನೆ ದಾರಿಯಲ್ಲಿ.' 'ಹೊಳೆ ತುಂಬಿದೆ.' 'ಅಂಗಿ ಒಣಗಿಲ್ಲ.' 'ತಂಗಿಯನ್ನು ನೋಡಿಕೊಳ್ಳಲು ಯಾರೂ ಇಲ್ಲ.' ನನ್ನ ಹೆಸರಿನ ಮುಂದೆ 'ಸುಮ್ಮನೆ' ಎಂದಿತ್ತು. ಇನ್ನೊಂದು ಕಡೆ ನೋಡಿದರೆ ಅಲ್ಲೂ 'ಸುಮ್ಮನೆ.'

'ಅಂಗಿ ಒಣಗಿಲ್ಲ' ಎನ್ನುವುದು ಬಯಲುಸೀಮೆಯವರಿಗೆ ನೆಪದಂತೆ ಕೇಳಿಸಬಹುದು. ಜುಲೈ ತಿಂಗಳ ಕೊಡಗನ್ನು ಕಂಡವರಿಗೆ ಗೊತ್ತು. ವಾರಗಟ್ಟಲೆ ಬಿಸಿಲಿರುವುದಿಲ್ಲ. ಎರಡು ಜೊತೆ ಸಮವಸ್ತ್ರ ಇದ್ದವರು ಒಂದನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಇನ್ನೊಂದನ್ನು ಹಾಕಿಕೊಂಡು ಬರುತ್ತಿದ್ದರು. ಒಂದೇ ಜೊತೆ ಇದ್ದವನು ಒದ್ದೆಯದನ್ನೇ ಹಾಕಿಕೊಂಡು ಬರಬೇಕು, ಇಲ್ಲ ಮನೆಯಲ್ಲೇ ಕೂರಬೇಕು. ನಮ್ಮ ಕ್ಲಾಸಿನಲ್ಲಿ ಹೊಗೆ ವಾಸನೆ ಬರುವ ಅಂಗಿಗಳಿದ್ದವು, ಸೋಪಿನ ವಾಸನೆ ಬರುವ ಅಂಗಿಗಳೂ ಇದ್ದವು. ಯಾರ ಮನೆ ಹೇಗೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು.

ಮೇಷ್ಟ್ರು ಅರಕಲಗೂಡು ಕಡೆಯವರು. ಎಂಬತ್ತರ ದಶಕದಲ್ಲಿ ಸಿದ್ದಾಪುರದ ಹತ್ತಿರದ ನಮ್ಮ ಹೈಸ್ಕೂಲಿಗೆ ವರ್ಗವಾಗಿ ಬಂದವರು. ಇಲ್ಲಿನ ಮಳೆಗೆ ಹೆದರಿ ಎಷ್ಟೋ ಮೇಷ್ಟ್ರುಗಳು ಒಂದೇ ವರ್ಷದಲ್ಲಿ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದ ಕಾಲ ಅದು. ಇವರು ಉಳಿದರು. ಉದ್ದ ಕಾವಿನ ಕಪ್ಪು ಕೊಡೆ, ಮೊಣಕಾಲಿನ ತನಕ ಮಡಚಿದ ಪ್ಯಾಂಟು, ಜಿಗಣೆಗೆಂದು ಜೇಬಿನಲ್ಲಿ ಒಂದು ಪೊಟ್ಟಣ ಉಪ್ಪು.

ಇನ್ನೊಬ್ಬರು ನಮ್ಮ ಪಿ.ಟಿ. ಮಾಸ್ಟರ್. ಅವರು ಇದೇ ಊರಿನವರು, ಹಾಕಿ ಆಡಿದವರು. ಅವರಿಗೆ ಗೊತ್ತಿದ್ದದ್ದು ಒಂದೇ ಮಂತ್ರ: ಮನಸ್ಸಿದ್ದರೆ ಮಾರ್ಗ. ಓಡಲಾರದೆ ನಿಂತವನಿಗೆ, ಲೆಕ್ಕದಲ್ಲಿ ಫೇಲಾದವನಿಗೆ, ಜ್ವರ ಬಂದವನಿಗೂ ಅದನ್ನೇ ಹೇಳುತ್ತಿದ್ದರು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿದ ಕಾರ್ಯಪ್ಪನವರು 1949ರ ಜನವರಿ 15ರಂದು ದೇಶದ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರಲ್ಲ, ಹೇಗೆ? 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ನಮ್ಮ ಎಂ.ಎಂ. ಸೋಮಯ್ಯ ಇದ್ದರಲ್ಲ, ಹೇಗೆ? "ಮನಸ್ಸು! ಮನಸ್ಸು ಬೇಕು!" ಎಂದು ಹಾಕಿ ಕೋಲನ್ನು ನೆಲಕ್ಕೆ ಕುಟ್ಟುತ್ತಿದ್ದರು.

ಒಂದು ಮಧ್ಯಾಹ್ನ ಜೋರು ಮಳೆ. ಆಟ ಇಲ್ಲ, ನಾವೆಲ್ಲ ಜಗಲಿಯಲ್ಲಿ ನಿಂತಿದ್ದೆವು. ಇಬ್ಬರು ಮೇಷ್ಟ್ರುಗಳೂ ಅಲ್ಲೇ ಇದ್ದರು. ಪಿ.ಟಿ. ಮಾಸ್ಟರ್ ಎಂದಿನಂತೆ ಮನಸ್ಸಿನ ಮಾತು ತೆಗೆದರು. ಸಮಾಜ ಪಾಠದ ಮೇಷ್ಟ್ರು ಮೆಲ್ಲಗೆ ಕೇಳಿದರು: "ಅಲ್ಲ ಸಾರ್, ನಮ್ಮ ಅರಕಲಗೂಡಿನ ಹುಡುಗರಿಗೆ ಮನಸ್ಸಿಲ್ಲವಾ? ನಮ್ಮಲ್ಲಿ ಯಾಕೆ ಒಲಿಂಪಿಕ್ಸ್ ಆಟಗಾರರು ಹುಟ್ಟಲಿಲ್ಲ? ಇಲ್ಲಿ ಊರೂರಿಗೂ ಮೈದಾನ ಇದೆ. ಮನೆಮನೆಯಲ್ಲೂ ಅಜ್ಜನ ಕಾಲದ ಕೋಲು ಮೂಲೆಯಲ್ಲಿ ನಿಂತಿದೆ. ಮಗು ನಡೆಯಲು ಕಲಿಯುವಾಗಲೇ ಚೆಂಡು ಕಾಣುತ್ತೆ. ಇದಕ್ಕೂ ಲೆಕ್ಕ ಕೊಡಬೇಕಲ್ವಾ?"

ಪಿ.ಟಿ. ಮಾಸ್ಟರ್ ಸುಮ್ಮನಾಗುವವರಲ್ಲ. "ಸರಿ ಸಾರ್. ಮೈದಾನ ಎಲ್ಲರಿಗೂ ಇತ್ತು, ಕೋಲೂ ಇತ್ತು. ಬೆಳಿಗ್ಗೆ ಐದು ಗಂಟೆಗೆ ಎದ್ದು ಇಬ್ಬನಿಯಲ್ಲಿ ಓಡಿದವರು ಎಷ್ಟು ಜನ?"

ಅದಕ್ಕೆ ಸಮಾಜ ಪಾಠದ ಮೇಷ್ಟ್ರು ತಲೆಯಾಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ವಾದದಲ್ಲಿ ಎದುರಿನವರ ಮಾತು ಸರಿ ಎಂದು ಕಂಡರೆ ಒಪ್ಪುವ ದೊಡ್ಡವರನ್ನು ನಾನು ಮೊದಲು ನೋಡಿದ್ದು ಆವತ್ತೇ. ನನ್ನ ಇಡೀ ವೃತ್ತಿಯ ಪ್ರಶ್ನೆ ಆ ಜಗಲಿಯಲ್ಲೇ ಹುಟ್ಟಿತು ಎಂದು ನಾನು ನಂಬಿದ್ದೇನೆ.

ಇನ್ನು ಕಿತ್ತಳೆಯ ಕಥೆ. ನಮ್ಮ ಬ್ಯಾಚಿನವರು ಎಲ್ಲಿ ಸೇರಿದರೂ ಇದು ಬಂದೇ ಬರುತ್ತದೆ, ಆದ್ದರಿಂದ ಸರಿಯಾಗಿ ಬರೆದಿಡುವುದು ನನ್ನ ಜವಾಬ್ದಾರಿ.

ಶಾಲೆಯ ಬೇಲಿಯಾಚೆ ದೊಡ್ಡ ಕಾಫಿ ತೋಟ. ಕಾಫಿಯ ನಡುನಡುವೆ ಕಿತ್ತಳೆ ಮರಗಳು. ಇಂದು ಕೊಡಗಿನ ಕಿತ್ತಳೆಯನ್ನು ಹುಡುಕಿಕೊಂಡು ಹೋಗಬೇಕು, ಆಗ ಹಾಗಿರಲಿಲ್ಲ. ಡಿಸೆಂಬರಿನಲ್ಲಿ ಬೇಲಿಯ ಹತ್ತಿರ ನಿಂತರೆ ಸಾಕು, ಬಾಯಲ್ಲಿ ನೀರು. ಯೋಜನೆ ನನ್ನದು. ಕೊನೆಯ ಪಿರಿಯಡ್ ಕ್ರಾಫ್ಟ್, ಮೇಷ್ಟ್ರು ರಜೆ. ಬೇಲಿಯ ತಂತಿಯನ್ನು ಒಬ್ಬ ತುಳಿದು ಹಿಡಿಯುವುದು, ಇನ್ನೊಬ್ಬ ನುಗ್ಗುವುದು. ನಾನು, ನನ್ನ ಬೆಂಚಿನ ಗೆಳೆಯ, ಇಬ್ಬರೇ. ಅವನು ಅದೇ ತೋಟದ ಲೈನ್ ಮನೆಯವನು, ಅಂದರೆ ಕೂಲಿಯವರ ಸಾಲುಮನೆಯವನು, ಯರವ ಬುಡಕಟ್ಟಿನ ಹುಡುಗ. ಮರ ಹತ್ತುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಂಗಿಯನ್ನು ಚಡ್ಡಿಯೊಳಗೆ ಸಿಕ್ಕಿಸಿ ಹೊಟ್ಟೆಯ ಸುತ್ತ ಹಣ್ಣು ತುಂಬಿಸಿಕೊಂಡು ಇಬ್ಬರೂ ಇಳಿದೆವು. ಕೆಳಗೆ ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ನಿಂತಿದ್ದರು!

ಮಾರನೇ ದಿನ ಹೆಡ್‌ಮಾಸ್ಟರ್ ರೂಮು. ಇಬ್ಬರಿಗೂ ಆರಾರು ಏಟು, ಇಬ್ಬರ ಅಪ್ಪಂದಿರನ್ನೂ ಕರೆಸುವುದು ಎಂದು ತೀರ್ಮಾನವಾಯಿತು. ಸಮಾಜ ಪಾಠದ ಮೇಷ್ಟ್ರು ಎದ್ದು, "ಇವರನ್ನು ನನಗೆ ಬಿಡಿ" ಎಂದು ಕೇಳಿಕೊಂಡರು.

ಹೊರಗೆ ಕರೆದುಕೊಂಡು ಬಂದು ಮೊದಲು ನನ್ನನ್ನು ಕೇಳಿದರು: "ನಿಮ್ಮ ತೋಟದಲ್ಲಿ ಕಿತ್ತಳೆ ಇಲ್ಲವಾ?" ಇತ್ತು. ಬುಟ್ಟಿಗಟ್ಟಲೆ ಇತ್ತು. "ನಿಮ್ಮಪ್ಪ ಶಾಲೆಗೆ ಬಂದರೆ ಏನಾಗುತ್ತೆ?" ಬೈಯುತ್ತಾರೆ ಎಂದೆ. ಅದೇ ಪ್ರಶ್ನೆಯನ್ನು ಅವನಿಗೆ ಕೇಳಿದರು. ಅವನು ನೆಲ ನೋಡುತ್ತಾ ಹೇಳಿದ: ಅಪ್ಪನಿಗೆ ಆ ದಿನದ ಕೂಲಿ ಹೋಗುತ್ತೆ. ಧಣಿಗಳ ಕಿವಿಗೆ ಬಿದ್ದರೆ ಲೈನ್ ಮನೆ ಬಿಡಬೇಕಾಗುತ್ತೆ. ತಗೊಂಡ ಅಡ್ವಾನ್ಸ್ ಹಾಗೇ ಇದೆ.

ನನ್ನ ಅಪ್ಪನಿಗೆ ಹೇಳಿ ಕಳುಹಿಸಿದರು. ಅವನ ಅಪ್ಪನಿಗೆ ಇಲ್ಲ. 'ಬಡವ, ಪಾಪ' ಎಂದು ಅವನನ್ನು ಬಿಟ್ಟುಬಿಡುತ್ತಾರೆ ಎಂದು ನಾನು ಅಂದುಕೊಂಡೆ. ಹಾಗೂ ಮಾಡಲಿಲ್ಲ. ಸಂಜೆ ಅವನ ಜೊತೆ ತಾವೂ ನಡೆದುಕೊಂಡು ರೈಟರ್ ಮನೆಗೆ ಹೋದರು. ತಪ್ಪಾಯಿತು ಎಂದು ಅವನ ಬಾಯಿಂದಲೇ ಹೇಳಿಸಿದರು. ಮಾತು ಅಲ್ಲಿಗೇ ನಿಲ್ಲಬೇಕು ಎಂದು ರೈಟರ್ ಹತ್ತಿರ ಒಪ್ಪಿಸಿಕೊಂಡೂ ಬಂದರು. ಅವನನ್ನೇಕೆ ಕರೆದುಕೊಂಡು ಹೋದಿರಿ ಎಂದು ವರ್ಷಗಳ ಮೇಲೆ ನಾನು ಕೇಳಿದಾಗ ಮೇಷ್ಟ್ರು ಕೊಟ್ಟ ಉತ್ತರ ಇದು: "ಹತ್ತಿದ್ದು ಅವನೇ ಅಲ್ವಾ? ಎಲ್ಲದಕ್ಕೂ ಬಡತನವೇ ಕಾರಣ ಅಂದುಬಿಟ್ಟರೆ ಅವನಿಗೆ ಸ್ವಂತ ಬುದ್ಧಿಯೇ ಇಲ್ಲ ಅಂದ ಹಾಗಾಗುತ್ತೆ. ಅದು ಏಟಿಗಿಂತ ದೊಡ್ಡ ಅವಮಾನ."

ಇಬ್ಬರೂ ಕದ್ದದ್ದು ಅದೇ ಮರದ ಹಣ್ಣು. ಆದರೆ ನನಗೆ ನೂರು ದಾರಿ ಇತ್ತು, ಅವನಿಗೆ ಎರಡೋ ಮೂರೋ. ಎಷ್ಟು ದಾರಿ ಇತ್ತು ಎಂದು ನೋಡದೆ ಯಾವ ದಾರಿ ಹಿಡಿದ ಎಂದು ತೀರ್ಪು ಕೊಡುವುದು ಅನ್ಯಾಯ. ಎರಡೇ ದಾರಿ ಇದ್ದರೂ ಆರಿಸಿದವನು ಅವನೇ ಎಂಬುದನ್ನು ಮರೆಯುವುದೂ ಅನ್ಯಾಯವೇ.

ಜನವರಿ ಬಂತೆಂದರೆ ನಮ್ಮ ಕಡೆ ರೊಬಸ್ಟಾ ಕೊಯ್ಲು. ಹತ್ತನೇ ಕ್ಲಾಸಿನ ಪರೀಕ್ಷೆ ಬೇಸಿಗೆಯ ಬಾಗಿಲಲ್ಲಿ. ಲೈನ್ ಮನೆಯ ಮಕ್ಕಳು ಒಬ್ಬೊಬ್ಬರಾಗಿ ಬೆಂಚಿನಿಂದ ಕಾಣೆಯಾಗುತ್ತಿದ್ದರು. ಕೊಯ್ದ ಹಣ್ಣನ್ನು ಸಂಜೆ ತೂಗಿ ಕೂಲಿ ಕೊಡುವಾಗ ಮನೆಯಲ್ಲಿ ಒಂದು ಕೈ ಜಾಸ್ತಿ ಇದ್ದರೆ ಅಷ್ಟೇ ಲಾಭ. ನನ್ನ ಗೆಳೆಯನೂ ಹೋದ. ಮೇಷ್ಟ್ರು ಲೈನ್‌ಗೇ ಹೋಗಿ ಒಂದು ಮಾತು ಹೇಳಿದರು: "ಹಗಲು ಕೊಯ್ಲಿಗೆ ಹೋಗು. ಸಂಜೆ ಬಾ, ನಾನು ಜಗಲಿಯಲ್ಲಿ ಇರುತ್ತೇನೆ." ಅವರು ಇದ್ದರು. ಲಾಟೀನು ಇಟ್ಟುಕೊಂಡು ಪರೀಕ್ಷೆಯ ತನಕ ಇದ್ದರು. ಕಾಫಿ ಹಣ್ಣಿನ ಅಂಟಿನಿಂದ ಕಪ್ಪಾದ ಅವನ ಬೆರಳುಗಳು ಪುಸ್ತಕದ ಪ್ರತಿ ಪುಟದ ಮೂಲೆಯಲ್ಲೂ ಗುರುತು ಬಿಟ್ಟಿದ್ದನ್ನು ನಾನು ನೋಡಿದ್ದೇನೆ. ಅವನು ಪಾಸಾದ. ಅರಣ್ಯ ಇಲಾಖೆಗೆ ಸೇರಿದ.

ನಾನು ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕನಾದೆ. ನಮ್ಮ ಶಾಲೆಯಿಂದ ಆ ಮಟ್ಟಕ್ಕೆ ಹೋದವರು ಕಡಿಮೆ, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಪ್ರತಿ ವರ್ಷ ಹೊಸ ಕ್ಲಾಸಿಗೆ ನಾನು ಹೇಳುವ ಪ್ರಯೋಗ ಒಂದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಯಲ್ಲಿ ಶುರು ಮಾಡಿದ್ದು. ಪುಟ್ಟ ಮಗುವಿನ ಮುಂದೆ ಒಂದು ಮಿಠಾಯಿ ಇಡುವುದು. ನಾನು ವಾಪಸ್ ಬರುವ ತನಕ ತಿನ್ನದೆ ಇದ್ದರೆ ಎರಡು ಕೊಡುತ್ತೇನೆ ಎಂದು ಹೇಳಿ ಹೊರಗೆ ಹೋಗುವುದು. ಕಾದ ಮಕ್ಕಳು ಮುಂದೆ ಓದಿನಲ್ಲೂ ಚೆನ್ನಾಗಿದ್ದರು ಎಂದು 1990ರಲ್ಲಿ ವರದಿ ಬಂತು. ಜಗತ್ತೆಲ್ಲ ನಮ್ಮ ಪಿ.ಟಿ. ಮಾಸ್ಟರ್ ಆಯಿತು. ಮನಸ್ಸು ಗಟ್ಟಿ ಇದ್ದರೆ ಗೆದ್ದ ಹಾಗೆ!

ಆದರೆ 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಮತ್ತೆ ನೋಡಿದರು. ಮನೆಯ ಆದಾಯ, ಮನೆಯ ವಾತಾವರಣ, ಚಿಕ್ಕಂದಿನ ಕಲಿಕೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಕಾಯುವುದಕ್ಕೂ ಮುಂದಿನ ಓದಿಗೂ ಇದ್ದ ನಂಟು ಬಹಳ ಸಣ್ಣದಾಯಿತು. ನನಗೆ ಅದಕ್ಕಿಂತ ಇಷ್ಟವಾದದ್ದು 2013ರಲ್ಲಿ ಪ್ರಕಟವಾದ ರಾಚೆಸ್ಟರ್ ವಿಶ್ವವಿದ್ಯಾಲಯದವರ ಪ್ರಯೋಗ. ಅವರು ಮಿಠಾಯಿಗೆ ಮೊದಲು ಮಕ್ಕಳಿಗೆ ಒಳ್ಳೆಯ ಬಣ್ಣದ ಕಡ್ಡಿ ತಂದುಕೊಡುತ್ತೇವೆ ಎಂದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಅರ್ಧ ಮಕ್ಕಳಿಗೆ ಬರಿಗೈಯಲ್ಲಿ ಬಂದರು. ಆಮೇಲೆ ಮಿಠಾಯಿ ಇಟ್ಟಾಗ, ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸ ಹೋದ ಮಕ್ಕಳು 3 ನಿಮಿಷ.

ಇದನ್ನು ಓದಿದಾಗ ನನಗೆ ಆ ಲಾಟೀನು ನೆನಪಾಯಿತು. ಅಡ್ವಾನ್ಸಿನ ಲೆಕ್ಕ ಎಂದೂ ತೀರದ, ದೊಡ್ಡವರ ಮಾತಿಗೆ ಬೆಲೆಯೇ ಇಲ್ಲದ ಮನೆಯಲ್ಲಿ ಬೆಳೆದ ಹುಡುಗ ಯಾವ ಧೈರ್ಯದ ಮೇಲೆ ನಾಳೆಗಾಗಿ ಕಾಯಬೇಕು? ಸಂಜೆ ಇರುತ್ತೇನೆ ಎಂದವರು ಇದ್ದರು. ಅದಕ್ಕೇ ಅವನೂ ಬಂದ.

ಇನ್ನೊಂದು ವಿಷಯ ನನಗೆ ಗೊತ್ತಾದದ್ದು ಮೇಷ್ಟ್ರು ತೀರಿಕೊಂಡ ಮೇಲೆ ನಾವೆಲ್ಲ ಸೇರಿದಾಗ. ನನ್ನ ಗೆಳೆಯನಿಗೆ ಒಬ್ಬ ಅಣ್ಣ. ಅದೇ ಲೈನ್, ಅದೇ ಅಪ್ಪ ಅಮ್ಮ, ಅದೇ ದಾರಿಯ ಆನೆ. ಅಣ್ಣ ಏಳನೇ ಕ್ಲಾಸಿಗೆ ಶಾಲೆ ಬಿಟ್ಟ. ಅವನಿಗೆ ಓದು ಹತ್ತಲಿಲ್ಲ ಎಂದೇ ಊರೆಲ್ಲ ಹೇಳುತ್ತಿತ್ತು. ಗೆಳೆಯ ಹೇಳಿದ: "ಇಬ್ಬರಲ್ಲಿ ಒಬ್ಬನೇ ಓದಬಹುದಿತ್ತು. ಅಣ್ಣ ನನ್ನನ್ನು ಕಳುಹಿಸಿದ." ಹೊರಗಿನಿಂದ ನೋಡಿದರೆ ಶಾಲೆ ಬಿಟ್ಟ ಹುಡುಗ. ಒಳಗೆ ನಮ್ಮೆಲ್ಲರಿಗಿಂತ ದೊಡ್ಡ ಆಯ್ಕೆ ಮಾಡಿದವನು ಅವನೇ. ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಅಣ್ಣನ ಬಗ್ಗೆ ಏನು ಬರೆದಿತ್ತೋ, ನೋಡಬೇಕಿತ್ತು.

ಈಗಿನ ಶಾಲೆಗಳನ್ನು ಬರೀ ದೂರುವುದು ನನಗೆ ಇಷ್ಟವಿಲ್ಲ. ಬಿಸಿಯೂಟ ಬಂದಿದೆ. ಹಸಿವಿಗೆ ಹೆದರಿ ಶಾಲೆ ಬಿಡುವ ಮಕ್ಕಳು ಕಡಿಮೆಯಾಗಿದ್ದಾರೆ. ಅದು ದೊಡ್ಡ ಕೆಲಸ. ಆದರೆ ಎರಡು ವಿಷಯ ನನ್ನನ್ನು ಕೊರೆಯುತ್ತದೆ. ಮಗು ಬಾರದ ದಿನ ಅಪ್ಪನ ಮೊಬೈಲಿಗೆ ಮೆಸೇಜ್ ಬರುತ್ತದೆ: 'ನಿಮ್ಮ ಮಗ ಇಂದು ಗೈರು.' ಯಾಕೆ ಎಂದು ಕೇಳುವ ಜಾಗವೇ ಅಲ್ಲಿಲ್ಲ. ಇನ್ನೊಂದು ಇದಕ್ಕಿಂತ ಗಂಭೀರ. ತೋಟದ ಮಾಲೀಕರ ಮಕ್ಕಳು ಹಳದಿ ವ್ಯಾನಿನಲ್ಲಿ ದೂರದ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಲೈನ್ ಮನೆಯ ಮಕ್ಕಳು, ಈಗ ಅಸ್ಸಾಮಿನಿಂದ ಬಂದವರ ಮಕ್ಕಳೂ ಸೇರಿ, ನಮ್ಮ ಶಾಲೆಗೆ ಬರುತ್ತಾರೆ. ನಾನು ಮತ್ತು ನನ್ನ ಗೆಳೆಯ ಒಂದೇ ಬೆಂಚಿನಲ್ಲಿ ಕೂತದ್ದು ಇಂದು ಆಗದ ಮಾತು. ಪಕ್ಕದಲ್ಲಿ ಕೂರದೆ ಇನ್ನೊಬ್ಬನ ಅಂಗಿ ಯಾಕೆ ಹೊಗೆ ವಾಸನೆ ಬರುತ್ತದೆ ಎಂದು ಯಾವ ಮಗುವಿಗೆ ಗೊತ್ತಾಗಬೇಕು? ದೊಡ್ಡವರಾದ ಮೇಲೆ ಅವರು ಒಬ್ಬರನ್ನೊಬ್ಬರು 'ಸೋಮಾರಿಗಳು' ಎಂದೂ 'ಸೊಕ್ಕಿನವರು' ಎಂದೂ ಕರೆಯುವುದರಲ್ಲಿ ಆಶ್ಚರ್ಯ ಇಲ್ಲ.

ಬ್ಯಾಚಿನವರು ಸೇರಿದ ದಿನ ನಾನು ಒಂದು ಪ್ರಸ್ತಾಪ ಇಟ್ಟೆ, ಎಲ್ಲರೂ ಒಪ್ಪಿದರು. ಮೇಷ್ಟ್ರ ಫೋಟೋ, ಹಾರ, ಕಲ್ಲಿನ ಫಲಕ ಬೇಡ. ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ಆರರಿಂದ ಎಂಟರ ತನಕ ಶಾಲೆಯಲ್ಲಿ ಪಾಠ, ಮಕ್ಕಳನ್ನು ಲೈನ್‌ಗಳಿಂದ ಕರೆತಂದು ವಾಪಸ್ ಬಿಡಲು ಒಂದು ಜೀಪು. ರಾತ್ರಿ ಆನೆ ಕಾಟ ಇರುವುದರಿಂದ ನಡೆದು ಬನ್ನಿ ಎನ್ನುವ ಹಾಗಿಲ್ಲ. ಯಾವ ದಾರಿಯಲ್ಲಿ ಆನೆ ಇದೆ ಎಂದು ಜೀಪಿನವರಿಗೆ ತಿಳಿಸುವ ಕೆಲಸವನ್ನು ನನ್ನ ಗೆಳೆಯನೇ ವಹಿಸಿಕೊಂಡಿದ್ದಾನೆ. ಡೀಸೆಲ್ಲು, ಡ್ರೈವರ್ ಸಂಬಳ ನಮ್ಮ ಬ್ಯಾಚಿನದು. ಪಾಠ ಹೇಳುವವರು ಇನ್ನೂ ಬೇಕು, ಮುಖ್ಯವಾಗಿ ಗಣಿತ ಮತ್ತು ವಿಜ್ಞಾನಕ್ಕೆ. ಬರುತ್ತೇನೆ ಎಂದರೆ ಪರೀಕ್ಷೆಯ ತನಕ ಬರಲೇಬೇಕು. ಆಗುವವರು ಹುತ್ತರಿ ಹಬ್ಬದೊಳಗೆ ಮುಖ್ಯೋಪಾಧ್ಯಾಯರಿಗೆ ಹೆಸರು ಕೊಡಿ.