ಗದ್ದೆಯ ದಣಿವನ್ನೂ ಬರೆದುಕೊಳ್ಳಬೇಕು

ಜುಲೈ ಮೂರನೇ ವಾರ, ಬೆಳಿಗ್ಗೆ ಐದೂಮುಕ್ಕಾಲು. ಶಿವಮೊಗ್ಗದಲ್ಲಿ ರಾತ್ರಿಯಿಡೀ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಕಾಲೇಜಿನ ಜಿಮ್ಮಿನ ಬೀಗ ತೆಗೆದ ಕೂಡಲೇ ಮಾಡುವ ಕೆಲಸ ಬಾರ್, ಅಂದರೆ ತೂಕದ ಪ್ಲೇಟು ಸಿಕ್ಕಿಸಿ ಎತ್ತುವ ಸರಳು, ಒರೆಸುವುದು. ಈ ಸೀಮೆಯ ಮಳೆಗಾಲದಲ್ಲಿ ಎರಡು ದಿನ ಬಿಟ್ಟರೆ ಸಾಕು, ಕೈ ಹಿಡಿಯುವ ಜಾಗದ ಗೀರುಗಳಲ್ಲಿ ಕೆಂಪಗೆ ತುಕ್ಕು ಕೂರುತ್ತದೆ. ನೈಲಾನ್ ಬ್ರಷ್ಷಿನಲ್ಲಿ ಉಜ್ಜಿ, ಹೊಲಿಗೆ ಮಿಷನ್ನಿನ ಎಣ್ಣೆ ನಾಲ್ಕು ಹನಿ ಹಾಕಿ, ಆಮೇಲೆ ಆ ಎಣ್ಣೆಯೂ ಉಳಿಯದ ಹಾಗೆ ಒಣಬಟ್ಟೆಯಲ್ಲಿ ಒರೆಸಬೇಕು. ಜಿಡ್ಡು ಉಳಿದರೆ ಭಾರ ಎತ್ತುವಾಗ ಕೈ ಜಾರುತ್ತದೆ.

ಪ್ಲೇಟುಗಳ ಮೇಲೆ ಅಚ್ಚಾಗಿರುವ ತೂಕವನ್ನು ನಾನು ನಂಬುವುದಿಲ್ಲ. ನಮ್ಮಲ್ಲಿರುವ ಎರಕದ ಪ್ಲೇಟುಗಳನ್ನು ಒಮ್ಮೆ ಅಡಿಕೆ ಮಂಡಿಯ ಯಂತ್ರದ ಮೇಲೆ ಇಟ್ಟು ನೋಡಿದಾಗ, 10 ಕೆ.ಜಿ. ಎಂದಿದ್ದ ಒಂದು 9.4 ತೂಗಿತು, ಇನ್ನೊಂದು 10.3. ಎರಡೂ ಒಂದೇ ಬಾರಿನ ಆಚೆ ಈಚೆ ಬಿದ್ದರೆ ಹೆಚ್ಚುಕಡಿಮೆ ಒಂದು ಕೆ.ಜಿ. ವಾಲು. ಅಂದಿನಿಂದ ಪ್ರತಿ ಪ್ಲೇಟಿನ ಮೇಲೂ ನಿಜವಾದ ತೂಕ ಬಿಳಿ ಪೇಂಟಿನಲ್ಲಿದೆ, ಹತ್ತಿರದ ತೂಕದವು ಜೋಡಿಯಾಗಿವೆ.

ಅಂದು ಕಬಡ್ಡಿ ತಂಡದ ಹನ್ನೆರಡು ಹುಡುಗರಿಗೆ ಸ್ಕ್ವಾಟ್ ಪರೀಕ್ಷೆ: ಬಾರನ್ನು ಹೆಗಲ ಮೇಲೆ ಹೊತ್ತು ಕುಕ್ಕರಿಸಿ ಏಳುವುದು. ಕಾಲೇಜು ಹುಡುಗರಿಂದ ಒಂದೇ ಸಲಕ್ಕೆ ಎತ್ತಬಲ್ಲ ಗರಿಷ್ಠ ಭಾರವನ್ನು ಎತ್ತಿಸುವ ಅಗತ್ಯವಿಲ್ಲ. ಬೆನ್ನು ಬಾಗದೆ, ಹಿಮ್ಮಡಿ ಏಳದೆ, ಮಂಡಿ ಒಳಕ್ಕೆ ಬೀಳದೆ ಎಷ್ಟು ಸಲ ಆಗುತ್ತದೋ ಅಷ್ಟಕ್ಕೆ ನಿಲ್ಲಿಸಿ ಲೆಕ್ಕ ಹಾಕಿದರಾಯಿತು. ಭಾರವನ್ನು ಎಣಿಕೆಯಿಂದ ಗುಣಿಸಿ, 30ರಿಂದ ಭಾಗಿಸಿ, ಬಂದದ್ದನ್ನು ಭಾರಕ್ಕೇ ಕೂಡಿಸಬೇಕು. 60 ಕೆ.ಜಿ.ಯನ್ನು ಎಂಟು ಸಲ ಮಾಡಿದವನ ಅಂದಾಜು ಗರಿಷ್ಠ 76. ಅವನ ಅಭ್ಯಾಸಕ್ಕೆ ಅದರ ನೂರಕ್ಕೆ 75, ಅಂದರೆ 57. ನಮ್ಮ ಪ್ಲೇಟುಗಳಲ್ಲಿ 57 ಕೂಡುವುದಿಲ್ಲ, 20 ಕೆ.ಜಿ. ಬಾರಿಗೆ ಎರಡೂ ಕಡೆ 15 ಮತ್ತು 2.5 ಹಾಕಿ 55ಕ್ಕೆ ನಿಲ್ಲಿಸುತ್ತೇವೆ. ಅನುಮಾನ ಬಂದಾಗ ಕೆಳಗಿನ ಅಂಕಿ, ಅದೇ ಸರಿ. ಎಣಿಕೆ ಹತ್ತು ದಾಟಿದರೆ ಈ ಸೂತ್ರ ತಪ್ಪತೊಡಗುತ್ತದೆ, ಆಗ ಭಾರ ಏರಿಸಿ ಇನ್ನೊಂದು ದಿನ ನೋಡಬೇಕು.

ಬಾರಿಗೆ ಕೈ ಹಾಕುವ ಮುಂಚೆ, ಮೈ ದಣಿದಿದೆಯೇ ಎಂದು ನೋಡಲು ಮೂರು ಜಿಗಿತ. ಮಳೆಗಾಲದ ಒದ್ದೆ ಗೋಡೆಯ ಮೇಲೆ ಸೀಮೆಸುಣ್ಣ ನಿಲ್ಲುವುದಿಲ್ಲ. ಅದಕ್ಕೆ ದರ್ಜಿಗಳ ಅಳತೆ ಟೇಪನ್ನು ನೆಲದಿಂದ 2 ಮೀಟರ್ ಎತ್ತರದಿಂದ ಮೇಲಕ್ಕೆ ಅಂಟಿಸಿದ್ದೇವೆ. ನಿಂತು ಕೈ ಎತ್ತಿದಾಗ ಮುಟ್ಟುವ ಅಂಕಿ, ಜಿಗಿದಾಗ ಮುಟ್ಟುವ ಅಂಕಿ, ಎರಡರ ವ್ಯತ್ಯಾಸ. ಎಂದಿನದಕ್ಕಿಂತ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಇಳಿದಿದ್ದರೆ ಅಂದು ಅವನಿಗೆ ಪರೀಕ್ಷೆ ಇಲ್ಲ.

ತೀರ್ಥಹಳ್ಳಿ ಕಡೆಯ ರೈಡರ್ ಒಬ್ಬ ಯಾವಾಗಲೂ 48 ಸೆಂ.ಮೀ. ಜಿಗಿಯುವವನು, ಅಂದು ಮೂರು ಸಲವೂ 41ಕ್ಕೆ ನಿಂತ.

"ಎಂತ ಆಯ್ತೋ? ನಿದ್ದೆ ಮಾಡಿಲ್ವಾ?"

"ಮಾಡಿದೀನಿ ಸಾರ್. ಎರಡು ದಿನ ಮನೇಲಿ ನೆಟ್ಟಿ ಇತ್ತು. ಆಳು ಸಿಗಲಿಲ್ಲ."

ತರಬೇತಿಯ ಹೊರೆಯನ್ನು ಅಳೆಯುವ ಸುಲಭದ ಲೆಕ್ಕವೊಂದಿದೆ: ಎಷ್ಟು ಕಷ್ಟವಾಯಿತು ಎಂಬುದಕ್ಕೆ ಹುಡುಗನೇ ಹತ್ತರಲ್ಲಿ ಕೊಡುವ ಅಂಕ, ಗುಣಿಸು ನಿಮಿಷ. ನಮ್ಮಲ್ಲಿ ಒಂದು ಗಂಟೆಯ ಗಟ್ಟಿ ಅಭ್ಯಾಸಕ್ಕೆ ಅವನು 7 ಕೊಟ್ಟರೆ 420. ಗದ್ದೆಯಲ್ಲಿ ಆರು ಗಂಟೆ ಬಗ್ಗಿ ಸಸಿ ನೆಟ್ಟದ್ದಕ್ಕೆ ಎಷ್ಟು ಎಂದು ಕೇಳಿದೆ. "ನಾಲ್ಕು" ಎಂದ. 360 ನಿಮಿಷಕ್ಕೆ ನಾಲ್ಕರಂತೆ 1,440. ಅದೂ ಎರಡು ದಿನ. ಆಟಗಾರರ ತರಬೇತಿಗೆಂದು ಹುಟ್ಟಿದ ಲೆಕ್ಕ ಗದ್ದೆಗೆ ಒರಟಾಗಿಯೇ ಹೊಂದುವುದು, ಆದರೂ ಹೇಳಬೇಕಾದ್ದನ್ನು ಹೇಳಿತು. ಪುಸ್ತಕದಲ್ಲಿ ಶನಿವಾರ, ಭಾನುವಾರದ ಮುಂದೆ ನಾನು ಬರೆದಿದ್ದದ್ದು "ವಿಶ್ರಾಂತಿ".

ನಾಟಿಯಲ್ಲಿ ಸೊಂಟ ಬಗ್ಗಿಯೇ ಇರುತ್ತದೆ, ಮಂಡಿ ಪೂರ್ತಿ ಮಡಚುವುದಿಲ್ಲ. ತೊಡೆಯ ಹಿಂಭಾಗದ ಸ್ನಾಯು ಎಳೆದ ಸ್ಥಿತಿಯಲ್ಲೇ ಗಂಟೆಗಟ್ಟಲೆ ಭಾರ ಹೊರುತ್ತದೆ, ಜೊತೆಗೆ ಕೆಳಬೆನ್ನೂ. ಕೆಸರಿನಿಂದ ಕಾಲು ಕಿತ್ತು ಇಡುವುದು ಬೇರೆ. ರೈಡರ್ ಸಿಕ್ಕಿಬಿದ್ದಾಗ ಮಧ್ಯರೇಖೆಗೆ ಕಾಲು ಚಾಚುತ್ತಾನಲ್ಲ, ಆ ಚಾಚು ನಿಂತಿರುವುದು ಇದೇ ಸ್ನಾಯುವಿನ ಮೇಲೆ. ದಣಿದ ಸ್ನಾಯು ಹರಿಯುವುದು ಬೇಗ. ಅಂದಿನ ಪಟ್ಟಿಯಲ್ಲಿ ಸ್ಕ್ವಾಟ್ ಆದ ಮೇಲೆ ನಾರ್ಡಿಕ್ ಇತ್ತು: ಮಡಚಿದ ಗೋಣಿಯ ಮೇಲೆ ಮಂಡಿಯೂರಿ, ಜೊತೆಗಾರ ಹಿಮ್ಮಡಿ ಒತ್ತಿ ಹಿಡಿದಿರುವಾಗ ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವುದು. ಹೊಸಬರಿಗೆ ಮೊದಲ ವಾರ ಐದೈದರ ಎರಡು ಸುತ್ತು, ವಾರಕ್ಕೆ ಒಂದೇ ದಿನ. ಅಷ್ಟಕ್ಕೇ ಎರಡು ಮೂರು ದಿನ ನೋವು ಉಳಿಯುತ್ತದೆ. ಅವನ ಹೆಸರಿನ ಮುಂದೆ ಅದನ್ನು ಹೊಡೆದುಹಾಕಿದೆ. 40 ಕೆ.ಜಿ.ಯಲ್ಲಿ ಐದೈದರ ಎರಡು ಸುತ್ತು ಸ್ಕ್ವಾಟ್, ಸೊಂಟದ ಮುಂಭಾಗ ಬಿಡಿಸುವ ಎಳೆತ, ಹತ್ತು ನಿಮಿಷ ನಡಿಗೆ, ಅಷ್ಟೇ.

ಇಂಥ ಹುಡುಗನನ್ನು "ಸೋಮಾರಿ" ಎಂದು ಬೈದು ಇನ್ನೂರು ಬಸ್ಕಿ ಹೊಡೆಸುವ ಪದ್ಧತಿ ಇನ್ನೂ ಹೋಗಿಲ್ಲ. ಅದು ಶಿಸ್ತಲ್ಲ, ಅಪಾಯ. ರೂಢಿಯಿಲ್ಲದ ಅತಿ ಶ್ರಮಕ್ಕೆ ಸ್ನಾಯುವಿನ ಜೀವಕೋಶ ಒಡೆದು ಅದರೊಳಗಿನದು ರಕ್ತಕ್ಕೆ ಸೇರಿದರೆ ಮೂತ್ರಪಿಂಡಕ್ಕೇ ಪೆಟ್ಟು. ಕಾಲು ಊದಿ, ಮಡಚಲಾಗದೆ, ಮೂತ್ರ ಕಷಾಯದ ಬಣ್ಣಕ್ಕೆ ತಿರುಗಿದರೆ ಎಣ್ಣೆ ತಿಕ್ಕಿಸುತ್ತ ಕೂರಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು.

ಭಾರದ ಅಂದಾಜಿಗೆ ಬಳಸಿದ ಸೂತ್ರ ಬಾಯ್ಡ್ ಎಪ್ಲಿ ಅವರದು. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯ 1969ರಲ್ಲಿ ಅವರನ್ನು ಬಲ ತರಬೇತಿಗೆಂದೇ ನೇಮಿಸಿತು. 1978ರಲ್ಲಿ ಅವರು ಇಂಥ ತರಬೇತುದಾರರ ರಾಷ್ಟ್ರೀಯ ಸಂಘವನ್ನೂ ಕಟ್ಟಿದರು. ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ. ಬಲ ತರಬೇತಿಗೇ ಪ್ರತ್ಯೇಕ ಹುದ್ದೆ ಅಪರೂಪ. ಈ ಕೆಲಸಕ್ಕೆ ಬರಬೇಕೆನ್ನುವವರು ದೈಹಿಕ ಶಿಕ್ಷಣದ ಪದವಿಗಳಾದ ಬಿ.ಪಿ.ಎಡ್., ಎಂ.ಪಿ.ಎಡ್. ಜೊತೆಗೆ ಎದೆಯೊತ್ತಿ ಉಸಿರು ಕೊಡುವ ಪ್ರಥಮ ಚಿಕಿತ್ಸೆಯನ್ನು ಕಲಿತೇ ಬರಲಿ. ಊರಿನ ಬೇಸಾಯದ ಪಂಚಾಂಗವೂ ಗೊತ್ತಿರಲಿ: ಜುಲೈಯಲ್ಲಿ ನಾಟಿ, ಮಳೆ ಬಿಡುವು ಕೊಟ್ಟಾಗ ಅಡಿಕೆಗೆ ಔಷಧಿ, ಮಳೆಗಾಲ ಮುಗಿದ ಮೇಲೆ ಅಡಿಕೆ ಗೊನೆಯ ಕೊಯ್ಲು.

ಅಂದು ಉಳಿದವರನ್ನೂ ಒಬ್ಬೊಬ್ಬರಾಗಿ ಕೇಳಿದೆ. ಹನ್ನೆರಡರಲ್ಲಿ ನಾಲ್ವರು ಗದ್ದೆಗಿಳಿದಿದ್ದರು, ಹೇಳಿದವನು ಒಬ್ಬನೇ. ಪುಸ್ತಕದಲ್ಲಿ ಸ್ಕೇಲು ಇಟ್ಟು ಒಂದು ಅಂಕಣ ಹೆಚ್ಚಿಗೆ ಎಳೆದು, ಮೇಲೆ "ಮನೆ ಕೆಲಸ" ಎಂದು ಬರೆದೆ. ಆ ನಾಲ್ವರ ಪರೀಕ್ಷೆಯನ್ನು ಆಗಸ್ಟ್ ಎರಡನೇ ವಾರಕ್ಕೆ ಹಾಕಿದೆ, ಅಷ್ಟರಲ್ಲಿ ಅವರ ಮನೆಗಳ ನಾಟಿ ಮುಗಿದಿರುತ್ತದೆ.